ಅತ್ತೆ ತಿಂದ ಚೀನಾ ಕಡುಬು

ಈ ಸಂಗತಿಯನ್ನು ಇದುವರೆಗೆ ಏಳೆಂಟು ಜನರಿಗೆ ಹೇಳಿದ್ದೇನೆ. ಪ್ರತಿ ಸಲ ಹೇಳುವಾಗಲೂ ನಮ್ಮ ಅತ್ತೆ ತಿಂದ ಕಡುಬಿನ ಸಂಖ್ಯೆ ಒಂದೋ ಎರಡೋ ಏರುತ್ತಾ ಬಂದಿದೆ. ಮೊದಲ ಸಲ ಒಂಬತ್ತಿತ್ತು. ಮೊನ್ನೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳುವಾಗ ಹದಿನಾಲ್ಕಕ್ಕೆ ಬಂದು ನಿಂತಿತು. ಎಪ್ಪತ್ತೆರಡು ವರ್ಷದ, ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಮಾತ್ರೆ ನುಂಗುವ ಹೆಂಗಸು ಹದಿನಾಲ್ಕು ಕಡುಬು ತಿಂದು ಅದೇ ಸಂಜೆ ಬಸ್ಸಿನಲ್ಲಿ ನೆಟ್ಟಗೆ ಕೂತು ಮನೆಗೆ ಬರಲು ಸಾಧ್ಯವೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹನ್ನೊಂದಕ್ಕೆ ಇಳಿಸುತ್ತಿದ್ದೆನೇನೋ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ಇಪ್ಪತ್ತು ವರ್ಷಗಳಿಂದ ದಿನಚರಿ ಬರೆಯುತ್ತಿರುವವಳು. ದಿನಚರಿ ಬರೆಯುವವರಿಗೆ ನೆನಪು ಗಟ್ಟಿ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಹೇಗೂ ಬರೆದಿಟ್ಟಿದ್ದೇನಲ್ಲ ಎಂಬ ಧೈರ್ಯದಲ್ಲಿ ಎಲ್ಲವನ್ನೂ ಮರೆತುಬಿಡುತ್ತೇನೆ. ಮರೆತ ಜಾಗ ಖಾಲಿ ಇರಬಾರದೆಂದು ನನಗೆ ಅನುಕೂಲವಾದದ್ದನ್ನು ತಂದು ತುಂಬುತ್ತೇನೆ. ಹಳೆಯ ದಿನಚರಿ ತೆಗೆದು ತಾಳೆ ನೋಡುವುದಿಲ್ಲ. ನೋಡಿದರೆ ಜಗಳವಾಗುತ್ತದೆ, ನನಗೂ ನನಗೂ.

ನಾನು ಟಿ. ನರಸೀಪುರದ ಗೌಡರ ಮನೆಯವಳು. ನಮ್ಮಲ್ಲಿ ಭಾನುವಾರ ಅವ್ವ ಮಸಾಲೆ ಅರೆಯುವ ಸದ್ದು ಕೇಳಿದರೆ ಸಾಕು, ಬೀದಿಯ ನಾಯಿಗಳು ಬಾಗಿಲ ಮುಂದೆ ಬಂದು ಸಭ್ಯವಾಗಿ ಕೂರುತ್ತವೆ. ಮದುವೆಯಾಗಿ ಬಂದದ್ದು ನಂಜನಗೂಡಿನ ಲಿಂಗಾಯತರ ಮನೆಗೆ. ಇಲ್ಲಿ ಈರುಳ್ಳಿಗೆ ಪ್ರವೇಶವಿದೆ, ಮೊಟ್ಟೆಗಿಲ್ಲ. ಮಹದೇವಸ್ವಾಮಿಯವರನ್ನು ಮೈಸೂರಿನಲ್ಲಿ ಓದುವಾಗ ನಾನೇ ನೋಡಿ, ನಾನೇ ಒಪ್ಪಿಕೊಂಡದ್ದು. ಎರಡೂ ಮನೆಯವರು ಒಂದಷ್ಟು ಕಾಲ ಮುಖ ಊದಿಸಿಕೊಂಡಿದ್ದು, ಆಮೇಲೆ ತಾವಾಗಿ ಇಳಿಸಿಕೊಂಡು, ಹಬ್ಬ ಹುಣ್ಣಿಮೆಗೆ ಹೋಗಿ ಬರುವಷ್ಟು ಸರಿಹೋದರು. ಸರಿಹೋಗದೆ ಉಳಿದದ್ದು ಒಂದೇ. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಅತ್ತೆ ನನ್ನ ಅವ್ವನ ಮನೆಯಲ್ಲಿ ಒಂದು ತುತ್ತು ಉಂಡಿರಲಿಲ್ಲ. ಹೋದಾಗಲೆಲ್ಲ ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಬಾಳೆಹಣ್ಣನ್ನು ನಂಜನಗೂಡಿನಿಂದ ನಾನೇ ಕೊಂಡೊಯ್ಯುತ್ತಿದ್ದೆ. ಅವ್ವನಾದರೋ ಊರಲ್ಲಿ ಯಾರ ಮನೆಯಲ್ಲಿ ಬೀಗರ ಊಟವಾದರೂ ಖಾರದ ಹದ ನೋಡಲು ಕರೆ ಬರುವ ಹೆಂಗಸು. ಊರಿನ ಬೀಗರೆಲ್ಲ ಅವಳ ಕೈರುಚಿ ಹೊಗಳಿದ್ದಾರೆ. ಸ್ವಂತ ಬೀಗಿತಿ ಮಾತ್ರ ಬಾಳೆಹಣ್ಣಿನ ಸಿಪ್ಪೆಯನ್ನು ಮಡಿಸಿ ತಟ್ಟೆಯ ಅಂಚಿಗಿಟ್ಟು ಎದ್ದುಬಿಡುತ್ತಿದ್ದರು. ಪ್ರತಿ ಸಲವೂ ಅವ್ವ ನನ್ನನ್ನು ಹಿತ್ತಲಿಗೆ ಕರೆದು, “ಇಂಗೇ ಬರಿ ಒಟ್ಟೇಲಿ ಕಳಿಸ್ಬೇಕಲ್ಲವ್ವ ನಿಮ್ಮತ್ತೇನ. ನಾನು ಸಾಯೋದ್ರೊಳಗೆ ಒಂದು ಎಲೆ ಆಕಿ ಬಡಿಸ್ತೀನೋ ಇಲ್ವೋ,” ಎನ್ನುತ್ತಿದ್ದಳು. ನಾನು ಸಮಾಧಾನ ಹೇಳುತ್ತಿದ್ದೆ. ಸಮಾಧಾನ ಹೇಳುವುದರಲ್ಲಿ ನನಗೆ ವಿಶ್ವವಿದ್ಯಾಲಯದ ತರಬೇತಿ ಇದೆ. ನನ್ನದು ಸಮಾಜಶಾಸ್ತ್ರದ ಎಂ.ಎ.; ಈಗ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಆಹಾರ ಮತ್ತು ಜಾತಿ ಎಂಬ ಪಾಠ ಬಂದಾಗ ಪ್ರತಿ ವರ್ಷವೂ, “ನನಗೆ ತಿಳಿದ ಒಂದು ಕುಟುಂಬದಲ್ಲಿ ಒಬ್ಬ ವೃದ್ಧೆ ಇದ್ದಾರೆ,” ಎಂದು ಶುರುಮಾಡಿ ಬಾಳೆಹಣ್ಣಿನ ಕತೆ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಉತ್ತರವಾಗಿಯೂ ಬರೆಯುತ್ತಾರೆ. ನಮ್ಮ ಅತ್ತೆಗೆ ಗೊತ್ತಿಲ್ಲದೆ ಅವರ ಮೇಲೆ ಇಷ್ಟು ವರ್ಷಗಳಲ್ಲಿ ಅದೆಷ್ಟೋ ಮಕ್ಕಳು ಪಾಸಾಗಿದ್ದಾರೆ.

ಹೀಗಿರುವಾಗ ನಮ್ಮ ಮನೆಯ ಮಹಡಿಗೆ ಫಾಂಗ್ ಬಂದರು. ನಮ್ಮ ಯಜಮಾನರು ಕೆಲಸ ಮಾಡುವ ಕಾರ್ಖಾನೆಗೆ ಚೀನಾದಿಂದ ಒಂದು ಯಂತ್ರ ಬಂತು. ಅದನ್ನು ಕೂರಿಸಿ, ಓಡಿಸಿ ತೋರಿಸಲು ಅದರ ಹಿಂದೆಯೇ ಒಬ್ಬ ತಂತ್ರಜ್ಞೆಯೂ ಬಂದರು. ನಾಲ್ಕು ತಿಂಗಳ ಕೆಲಸ. ಮಹಡಿಯ ಒಂದು ಕೋಣೆ ಖಾಲಿ ಇದೆಯೆಂದು ಇವರು ಮೇಲಧಿಕಾರಿಗಳಿಗೆ ಹೇಳಿ ಬಂದ ಮೇಲೆ ನಮಗೆ ಹೇಳಿದರು. ನಲವತ್ತರ ಆಸುಪಾಸಿನ, ಗಿಡ್ಡ ಕೂದಲಿನ, ಕೆಲಸದ ಬೂಟು ಹಾಕಿಕೊಂಡು ನಡೆಯುವ ಹೆಂಗಸು. ಅತ್ತೆ ಹಾಕಿದ ಷರತ್ತು ಒಂದೇ: “ಮಹಡಿ ಮ್ಯಾಲೆ ಮಾಂಸ ಬೇಯಂಗಿಲ್ಲ. ಕಾರ್ಖಾನೇಲಿ ಏನಾರ ತಿನ್ಲಿ, ಅದು ಅವರ ಇಷ್ಟ.” ನಾನು ಮಾತ್ರ ಷರತ್ತುಗಳನ್ನು ನಮ್ಮವರಿಗೇ ಹಾಕಿದೆ. ಪರದೇಶದವರೊಂದಿಗೆ ಹೇಗೆ ನಡೆದುಕೊಳ್ಳಬೇಕು, ಏನು ಕೇಳಬಾರದು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು, ರಾತ್ರಿಯ ಊಟದ ಹೊತ್ತಿನಲ್ಲಿ ಓದಿ ಹೇಳಿದೆ. ಸಂಬಳ ಕೇಳಬಾರದು. ಮದುವೆ ಕೇಳಬಾರದು. ಮುಖ್ಯವಾಗಿ, ಅವರ ದೇಶದಲ್ಲಿ ಏನೇನು ತಿನ್ನುತ್ತಾರೆ ಎಂದು ಕೇಳಕೂಡದು, ಅದು ಅವಮಾನ. ಅತ್ತೆ ತಲೆಯಾಡಿಸುತ್ತಾ ಕೇಳಿಸಿಕೊಂಡರು. ಮಾರನೆಯ ಬೆಳಿಗ್ಗೆ ಫಾಂಗ್ ಮೆಟ್ಟಿಲಿಳಿದು ಬಂದು, ತಮ್ಮ ಫೋನನ್ನು ಅತ್ತೆಯ ಮುಂದೆ ಹಿಡಿದರು. ಅವರು ಚೀನೀ ಭಾಷೆಯಲ್ಲಿ ಹೇಳಿದ್ದನ್ನು ಆ ಫೋನಿನೊಳಗಿನ ಹೆಂಗಸು ಕನ್ನಡದಲ್ಲಿ ಹೇಳುತ್ತಿದ್ದಳು. ಅದೂ ಮಠದ ಸ್ವಾಮಿಗಳು ಆಶೀರ್ವಚನ ಕೊಡುವಂಥ ಕನ್ನಡ. “ನಮಸ್ಕಾರ. ತಾವು ಭೋಜನ ಮಾಡಿರುವಿರಾ?”

ಬಂದವರನ್ನು ಮೊದಲು ಊಟ ಆಯ್ತಾ ಎಂದು ಕೇಳುವುದು ನಮ್ಮ ಸೀಮೆಯ ಪದ್ಧತಿ ಮಾತ್ರ ಎಂದುಕೊಂಡಿದ್ದೆ. ಅವರ ಊರಲ್ಲೂ ಹಾಗೇ ಅಂತೆ. ಅತ್ತೆಗೆ ಆ ಒಂದೇ ಮಾತಿಗೆ ಧೈರ್ಯ ಬಂದು, ನನ್ನ ಹಾಳೆಯನ್ನು ಗಾಳಿಗೆ ತೂರಿ, “ಯಾಕವ್ವ, ನಿಮ್ ಕಡೆ ಹಾವು ತಿಂತಾರಂತೆ, ದಿಟವಾ?” ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ಫಾಂಗ್ ಕೇಳಿಸಿಕೊಂಡು ಗಟ್ಟಿಯಾಗಿ ನಕ್ಕರು. ಫೋನು ಹೇಳಿತು: “ದಕ್ಷಿಣದಲ್ಲಿ ಕೆಲವರು ಸೇವಿಸುತ್ತಾರೆ. ನಾನು ಉತ್ತರದವಳು. ನನಗೆ ಹಾವೆಂದರೆ ಭಯ. ನೀವು ಹಾವನ್ನು ಪೂಜಿಸುವುದು ನಿಜವೇ?”

“ಹೂಂ ಕಣವ್ವ. ಹುತ್ತಕ್ಕೆ ಹಾಲೆರೀತೀವಿ.”

“ಅದು ನಿಮ್ಮನ್ನು ಕಚ್ಚುವುದಿಲ್ಲವೇ?”

“ಕಚ್ಚದೆ ಏನು? ಕಚ್ಚಿದ್ರೆ ದೊಡ್ಡಾಸ್ಪತ್ರೆ ಐತಲ್ಲ.”

ಆವತ್ತಿನಿಂದ ಫಾಂಗ್ ನಮ್ಮ ಅತ್ತೆಯ ಬಾಯಲ್ಲಿ ಪಾಂಗಮ್ಮ ಆದರು. ಒಂದು ವಾರದೊಳಗೆ ಸಂಬಳ, ಮದುವೆ, ಊರಲ್ಲಿ ಗಂಡನ ಜೊತೆ ಬಿಟ್ಟು ಬಂದ ಹನ್ನೆರಡು ವರ್ಷದ ಮಗಳು, ಎಲ್ಲವೂ ಅತ್ತೆಗೆ ಗೊತ್ತಾಗಿತ್ತು. ಕೇಳಬಾರದ ಪಟ್ಟಿಯಲ್ಲಿ ಒಂದನ್ನೂ ಬಿಡದೆ ಕ್ರಮವಾಗಿ ಕೇಳಿ ಮುಗಿಸಿದ್ದರು. ಹಾಳೆ ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು. ಪಾಂಗಮ್ಮ ದಿನವಿಡೀ ಬಿಸಿನೀರು ಕುಡಿಯುತ್ತಾರೆಂದು ತಿಳಿದದ್ದೇ ತಡ, ಫ್ರಿಜ್ಜಿನ ನೀರು ಕುಡಿಯುವ ನನ್ನ ವಿರುದ್ಧ ಅತ್ತೆಗೆ ಒಂದು ಅಂತರರಾಷ್ಟ್ರೀಯ ಬೆಂಬಲ ಸಿಕ್ಕಂತಾಯಿತು. “ನೋಡು, ಅಷ್ಟು ದೂರದಿಂದ ಬಂದವ್ಳೆ, ಅವಳಿಗಿರೋ ಬುದ್ಧಿ ನಿಂಗಿಲ್ಲ,” ಎಂದು ದಿನಕ್ಕೊಮ್ಮೆ ಹೇಳುತ್ತಿದ್ದರು. ಪಾಂಗಮ್ಮನ ಅಜ್ಜಿ ಅಮಾವಾಸ್ಯೆ ಹುಣ್ಣಿಮೆ ದಿನ ಮಾಂಸ ಮುಟ್ಟುತ್ತಿರಲಿಲ್ಲ, ಬುದ್ಧನಿಗೆ ಊದುಬತ್ತಿ ಹಚ್ಚುತ್ತಿದ್ದಳು ಎಂದು ಕೇಳಿದ ಮೇಲಂತೂ, “ನಮ್ಮೋರೇ ಕಣೆ,” ಎಂದು ತೀರ್ಮಾನಿಸಿಬಿಟ್ಟರು. ನನಗೆ ತಡೆಯಲಿಲ್ಲ. ಉಳಿದ ಇಪ್ಪತ್ತೆಂಟು ದಿನ ಹಂದಿ ತಿನ್ನುತ್ತಾರೆ ಅತ್ತೆ ಎಂದೆ. ಅವರು ನನ್ನನ್ನೇ ದುರುಗುಟ್ಟಿ ನೋಡಿ, “ಅದನ್ನ ನಾನು ಕೇಳಿದ್ನಾ?” ಎಂದರು.

ಇಷ್ಟರಲ್ಲಿ ನಾನು ಮಾಡಿದ ಸ್ನೇಹಪ್ರಯತ್ನ ಒಂದನ್ನು ಹೇಳದಿದ್ದರೆ ಅತ್ತೆ ಹೇಳುತ್ತಾರೆ, ಅದಕ್ಕಿಂತ ನಾನೇ ಹೇಳುವುದು ಮೇಲು. ಮನೆ ಬಿಟ್ಟು ಬಂದ ಹೆಂಗಸಿಗೆ ಅವರ ದೇಶದ ಅಡುಗೆ ಮಾಡಿ ಬಡಿಸಬೇಕು, ಸಂಸ್ಕೃತಿಗಳ ನಡುವಿನ ಸೇತುವೆ ಎಂದರೆ ಅದೇ ಎಂದು ನನಗೆ ತೋಚಿತು. ನನಗೆ ಗೊತ್ತಿದ್ದ ಚೀನೀ ಅಡುಗೆ ಗೋಬಿ ಮಂಚೂರಿ ಒಂದೇ. ಅದನ್ನೂ ತಿನ್ನಲು ಗೊತ್ತು, ಮಾಡಲು ಗೊತ್ತಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಕೆಂಪು ಅಕ್ಷರದಲ್ಲಿ ಚೈನೀಸ್ ಎಂದು ಬರೆದುಕೊಂಡ ಗಾಡಿಯಿಂದ ಎರಡು ಪ್ಲೇಟು ಕಟ್ಟಿಸಿಕೊಂಡು ಬಂದು, ಮನೆಯ ಸ್ಟೀಲ್ ಪಾತ್ರೆಗೆ ಸುರಿದು, ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿ, ಈಗತಾನೇ ಒಲೆಯಿಂದ ಇಳಿಸಿದವಳಂತೆ ಬೆವರು ಒರೆಸಿಕೊಳ್ಳುತ್ತಾ ತಂದಿಟ್ಟೆ. ಫಾಂಗ್ ಖುಷಿಯಿಂದ ತಿಂದರು. ಆಮೇಲೆ ಫೋನು ಕೇಳಿತು: “ಬಹಳ ರುಚಿಕರವಾಗಿದೆ. ಇದು ನಂಜನಗೂಡಿನ ಸಾಂಪ್ರದಾಯಿಕ ಖಾದ್ಯವೇ?”

ಅಲ್ಲ, ನಿಮ್ಮದೇ ದೇಶದ್ದು ಎಂದೆ. ಫಾಂಗ್ ಪಾತ್ರೆಯನ್ನು ಬಹಳ ಹೊತ್ತು ನೋಡಿದರು. ಅವರು ಹುಟ್ಟಿ ಬೆಳೆದದ್ದೇ ಒಂದು ಕಾಲದಲ್ಲಿ ಮಂಚೂರಿಯಾ ಎನ್ನುತ್ತಿದ್ದ ಸೀಮೆಯಲ್ಲಿ ಎಂದು ನನಗೆ ಆಗ ಗೊತ್ತಿರಲಿಲ್ಲ. “ನಮ್ಮ ದೇಶ ವಿಶಾಲವಾದದ್ದು,” ಎಂದಿತು ಫೋನು ಕೊನೆಗೆ, “ನಾನು ಎಲ್ಲವನ್ನೂ ನೋಡಿಲ್ಲ.” ಇಂಥ ಮರ್ಯಾದಸ್ಥ ಉತ್ತರವನ್ನು ನಾನು ಈವರೆಗೆ ಯಾವ ವಿದ್ವಾಂಸರ ಬಾಯಲ್ಲೂ ಕೇಳಿಲ್ಲ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅತ್ತೆ ಒಳಗಿನಿಂದಲೇ, “ಬಸ್ ಸ್ಟ್ಯಾಂಡ್ ಗಾಡೀದು ಕಣವ್ವ ಪಾಂಗಮ್ಮ! ಇವಳು ಕೊತ್ತಂಬ್ರಿ ಹಾಕವ್ಳೆ ಅಷ್ಟೆ,” ಎಂದು ಕೂಗಿದರು. ಫೋನು ಅದನ್ನೂ ಬಿಡದೆ ಅನುವಾದ ಮಾಡಿತು.

ಜನವರಿ ಕಳೆಯುತ್ತಿದ್ದಂತೆ ಫಾಂಗ್ ತಮ್ಮ ಹೊಸ ವರ್ಷ ಬಂತೆಂದರು. ಅದು ನಮ್ಮ ಅಮಾವಾಸ್ಯೆಗೇ ಬೀಳುತ್ತದೆ. ಆವತ್ತು ಅವರ ಮನೆಯಲ್ಲಿ ಎಲ್ಲರೂ ಸುತ್ತ ಕೂತು ಒಂದು ಬಗೆಯ ಕಡುಬು ಮಡಿಸುತ್ತಾರಂತೆ. ಒಬ್ಬರೇ ಮಾಡುವ ತಿಂಡಿಯಲ್ಲ, ಒಬ್ಬರೇ ಮಾಡಿದರೆ ಅಳು ಬರುತ್ತದೆ ಎಂದರು. ಅವರ ಅಜ್ಜಿಯ ನೇಮದಂತೆ ಆ ದಿನ ತರಕಾರಿಯದೇ ಹೂರಣ. ಮದುವೆಯಾದ ಹೆಣ್ಣುಮಕ್ಕಳು ಮಾರನೆಯ ದಿನ ತವರಿಗೆ ಹೋಗುತ್ತಾರಂತೆ. “ನಿಮ್ಮ ತಾಯಿಯ ಮನೆ ಎಲ್ಲಿದೆ?” ಎಂದು ಫೋನು ನನ್ನನ್ನು ಕೇಳಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ಇಲ್ಲೇ ನರಸೀಪುರ. ಅಮಾವಾಸ್ಯೆ ದಿನ ಹೆಂಗೂ ಸಂಗಮಕ್ಕೆ ಹೋಗ್ಬೇಕು ಅಂತಿದ್ದೆ. ಅಲ್ಲೇ ಮಾಡಾನ ಬುಡು, ಬೀಗಿತೀನೂ ನೋಡ್ದಂಗಾಯ್ತದೆ,” ಎಂದುಬಿಟ್ಟರು. ಅವ್ವನ ಅಡುಗೆಮನೆಯಲ್ಲಿ ಅಡುಗೆಯಾಗುವುದು, ಎಲ್ಲರೂ ತಿನ್ನುವುದು, ಅತ್ತೆ ಪಕ್ಕದಲ್ಲಿ ಕೂತು ಬಾಳೆಹಣ್ಣು ಸುಲಿಯುವುದು, ಅವ್ವ ಅದನ್ನು ಪರದೇಶದ ನೆಂಟರ ಎದುರಿಗೆ ನೋಡುವುದು. ಇಷ್ಟು ಚಿತ್ರ ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ಬಂತು. ಉಪಾಯವನ್ನೂ ಕಂಡುಕೊಂಡೆ. ನಮ್ಮ ಮನೆಯ ಇಡ್ಲಿ ಪಾತ್ರೆ, ಎರಡು ಸೌಟು, ಒಂದು ಬಾಣಲಿ ಇಷ್ಟನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಚೀಲಕ್ಕೆ ತುಂಬಿದೆ. ಅವ್ವನ ಪಾತ್ರೆಯ ಪ್ರಶ್ನೆಯೇ ಬರದಿದ್ದರೆ ಅತ್ತೆ ಒಂದಾದರೂ ಕಡುಬು ತಿಂದಾರು ಎಂಬ ಆಸೆ. ತಿನ್ನದಿದ್ದರೆ ಇರಲಿ ಎಂದು ಬಾಳೆಹಣ್ಣನ್ನೂ ಮೇಲಿಟ್ಟೆ. ಸಮಾಜಶಾಸ್ತ್ರಜ್ಞರು ಎರಡೂ ಸಾಧ್ಯತೆಗಳಿಗೆ ಸಿದ್ಧರಾಗಿರಬೇಕು.

ಯಜಮಾನರಿಗೆ ಶಿಫ್ಟು ಇತ್ತು; ನಾವು ಮೂವರು ಹೆಂಗಸರು ಬೆಳಗಿನ ಬಸ್ಸು ಹಿಡಿದೆವು. ಸಂಗಮದಲ್ಲಿ ಕೈಕಾಲು ಮುಖ ತೊಳೆದು, ತೀರ್ಥ ಚಿಮುಕಿಸಿಕೊಂಡು ಮನೆ ತಲುಪುವ ಹೊತ್ತಿಗೆ ಅವ್ವ ಎಲೆಕೋಸು, ಕ್ಯಾರೆಟ್ಟು, ಶುಂಠಿಯನ್ನು ಹೆಚ್ಚಿ ಕಾದಿದ್ದಳು. ತಮ್ಮನ ಸಂಸಾರ ಬನ್ನೂರಿಗೆ ಹೋಗಿತ್ತು; ಮನೆಯಲ್ಲಿ ಅವ್ವ ಒಬ್ಬಳೇ. ನಾನು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದಂತೆ ಒಲೆಯ ಸುತ್ತ ಎಲ್ಲವನ್ನೂ ತೊಳೆದು ಬಳಿದಿದ್ದಳು. ಫಾಂಗ್ ಮೈದಾ ನಾದಿದರು. ಹೂರಣಕ್ಕೆ ಪನೀರ್ ಪುಡಿ, ನೆನೆಸಿದ ಶಾವಿಗೆ ಬೆರೆಸಿ, ಎಳ್ಳೆಣ್ಣೆ ಕೇಳಿದರು. ಎಳ್ಳೆಣ್ಣೆ ಎಂದರೆ ನಮ್ಮಲ್ಲಿ ಶನಿದೇವರ ದೀಪಕ್ಕೆ. ಅವ್ವ ಅನುಮಾನಿಸುತ್ತಾ ದೇವರ ಗೂಡಿನಿಂದ ಸೀಸೆ ತಂದುಕೊಟ್ಟಳು. ಅದು ಹೂರಣಕ್ಕೆ ಬಿದ್ದದ್ದನ್ನು ನೋಡಿ ಅತ್ತೆ, “ಶನೇಶ್ವರನ್ನೇ ಹೊಟ್ಟೆಗೆ ಹಾಕ್ಕೊಂಡಂಗಾಯ್ತು ಬೀಗಿತಿ. ಇನ್ನು ಅವನು ಕಾಡಲ್ಲ ಬುಡಿ,” ಎಂದರು. ಇಬ್ಬರೂ ನಕ್ಕರು. ನಾನು ನಗಲಿಲ್ಲ, ಚೀಲದ ಪಾತ್ರೆಯನ್ನು ಯಾವ ನೆಪದಲ್ಲಿ ಹೊರಗೆ ತೆಗೆಯುವುದೆಂದು ಯೋಚಿಸುತ್ತಿದ್ದೆ.

ಮಡಿಸುವ ಕೆಲಸ ಶುರುವಾಯಿತು. ಫಾಂಗ್ ಕೈಯಲ್ಲಿ ಕಡುಬು ಕಣ್ಣು ಮಿಟುಕಿಸುವುದರೊಳಗೆ ನೆರಿಗೆ ತೊಟ್ಟು ಕೂರುತ್ತಿತ್ತು. ಅತ್ತೆ ಗಣೇಶನ ಹಬ್ಬಕ್ಕೆ ಕಡುಬು ಮಾಡಿದ ಐವತ್ತು ವರ್ಷದ ಅನುಭವಸ್ಥೆ, ಬಿಟ್ಟುಕೊಡಲಿಲ್ಲ. “ನೆರಿಗೆ ಇನ್ನೂ ಸಣ್ಣಕ್ಕೆ ಇಡ್ಬೇಕು ಪಾಂಗಮ್ಮ,” ಎಂದು ಚೀನಾದವರಿಗೆ ಚೀನಾದ ಕಡುಬು ಕಲಿಸತೊಡಗಿದರು. ಅವ್ವನವು ಕರ್ಜಿಕಾಯಿಯಂತೆ ಬಂದವು. ನನ್ನವು ಎಷ್ಟು ಒತ್ತಿದರೂ ಅಂಟಲಿಲ್ಲ. “ಶಶಿ ಮಡಿಸಿದ್ದು ಶಶಿ ತರಾನೇ,” ಎಂದರು ಅತ್ತೆ, “ಬಾಯೇ ಮುಚ್ಚಲ್ಲ.” ಅವ್ವ, “ಸಣ್ಣೋಳಿದ್ದಾಗಿಂದ್ಲೂ ಅಂಗೇಯ,” ಎಂದು ದನಿಗೂಡಿಸಿದಳು. ಬೀಗಿತಿಯರು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೇಯಿಸುವ ಹೊತ್ತು ಬಂತು. ಫಾಂಗ್ ಅವ್ವನ ಅಟ್ಟಣಿಗೆಯಿಂದ ದೊಡ್ಡ ಇಡ್ಲಿ ಪಾತ್ರೆ ಇಳಿಸಿಕೊಂಡರು. ಭಾನುವಾರದ ಸಾರಿನ ಜೊತೆಗೆ ಇಡ್ಲಿ ಬೇಯುವ ಪಾತ್ರೆ ಅದು. ನಾನು ಓಡಿ ಚೀಲ ಬಿಚ್ಚಿ, ಇದೋ ಇಲ್ಲಿದೆ, ಇದರಲ್ಲಿಡಿ ಎಂದು ನಮ್ಮದನ್ನು ಮುಂದೆ ಹಿಡಿದೆ. ಫೋನು ಸಾವಧಾನದಿಂದ, “ನಿಮ್ಮದು ಚಿಕ್ಕದು. ನಾವು ನಾಲ್ವರು ಇದ್ದೇವೆ,” ಎಂದಿತು. ಅವ್ವ ಬೆರಗಾಗಿ ನೋಡಿದಳು. “ಇದ್ಯಾಕವ್ವ ಇಡ್ಲಿ ಪಾತ್ರೆ ಒತ್ಕೊಂಡು ಬಂದಿದ್ದೀಯ ಅಷ್ಟು ದೂರದಿಂದ? ನಮ್ಮನೇಲಿ ಇಲ್ವಾ?”

“ತಳ ತೂತಾಗಿದೆ ಅವ್ವ. ಇಲ್ಲಿ ಬೆಸುಗೆ ಹಾಕಿಸೋಣ ಅಂತ.”

“ನೆನ್ನೆ ಅದ್ರಲ್ಲೇ ಇಡ್ಲಿ ಬೇಯ್ಸಿದ್ನಲ್ಲೇ,” ಎಂದರು ಅತ್ತೆ.

ನಾನು ಪಾತ್ರೆಯ ತಳವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಪರೀಕ್ಷಿಸಿದೆ. ಅಷ್ಟರಲ್ಲಿ ಅವ್ವನ ಪಾತ್ರೆ ಒಲೆಯ ಮೇಲೆ ಹಬೆಯಾಡುತ್ತಿತ್ತು.

ಫಾಂಗ್ ಮೊದಲ ತಟ್ಟೆಯನ್ನು ಹಿರಿಯರೆಂದು ಅತ್ತೆಯ ಮುಂದಿಟ್ಟರು. ನಾನು ಪಕ್ಕದಲ್ಲೇ ಬಾಳೆಹಣ್ಣು ಹಿಡಿದು ನಿಂತಿದ್ದೆ. ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ನೋಡದವಳಂತೆ ನೋಡುತ್ತಿದ್ದಳು. ಅತ್ತೆ ಒಂದು ಕಡುಬು ಎತ್ತಿ, ಊದಿ, ಕಚ್ಚಿ, ಅಗಿದು, “ಉಪ್ಪು ಒಂಚೂರು ಕಮ್ಮಿ,” ಎಂದು ಇನ್ನೊಂದನ್ನೂ ಎತ್ತಿಕೊಂಡರು. ಮೂರನೆಯದಕ್ಕೆ ತಲೆಯೆತ್ತಿ, “ಬೀಗಿತಿ, ನೆಂಚ್ಕೊಳೋಕೆ ಏನಾರ ಐತಾ?” ಎಂದರು. ಅವ್ವ ನನ್ನ ಮುಖ ನೋಡಿದಳು. ಆ ನೋಟ ನನಗೆ ಚೆನ್ನಾಗಿ ನೆನಪಿದೆ. ಇದರಲ್ಲಿ ತಪ್ಪಿಲ್ಲ. ಕೊಡಲೋ ಬೇಡವೋ ಎಂದು ನನ್ನನ್ನು ಕೇಳುತ್ತಿದ್ದಳು. ಆಮೇಲೆ ತಾನೇ ಒಳಗೆ ಹೋಗಿ, ಒಂದು ಬಟ್ಟಲನ್ನು ಸೆರಗಿನಲ್ಲಿ ಎರಡೆರಡು ಸಲ ಒರೆಸಿ, ಹುಚ್ಚೆಳ್ಳು ಚಟ್ನಿ ತಂದಿಟ್ಟಳು. ಅದು ಅವಳೇ ಅರೆದದ್ದು, ಅವಳದೇ ಕಲ್ಲಿನಲ್ಲಿ. ಅತ್ತೆ ಅದ್ದಿಕೊಂಡು ತಿಂದರು. ಒಂಬತ್ತೋ, ಹನ್ನೊಂದೋ.

ಅಷ್ಟು ಸುಖವಾಗಿ ನಡೆಯುತ್ತಿರುವಾಗ ಫಾಂಗ್ ಫೋನನ್ನು ಇಬ್ಬರ ನಡುವೆ ಇಟ್ಟರು. ಅದು ಕೇಳಿತು: “ತಾವಿಬ್ಬರೂ ಆಗಾಗ್ಗೆ ಒಟ್ಟಿಗೆ ಭೋಜನ ಮಾಡುತ್ತೀರಾ?”

“ಇಲ್ಲ ಕಣವ್ವ,” ಎಂದಳು ಅವ್ವ ಫೋನಿಗೇ. “ಅವರು ನಮ್ಮನೇಲಿ ಉಣ್ಣಾಕಿಲ್ಲ.”

ಅತ್ತೆಯ ಕೈ ನಿಂತಿತು. “ಯಾರಂದ್ರು?”

“ಶಶಿ ಏಳಿದ್ಲು. ಮದ್ವೆ ಆದ ಒಸದ್ರಲ್ಲೇ.”

“ಅಯ್ಯೋ ಶಿವನೇ! ನೀವು ಬೇರೆ ಪಾತ್ರೆ ಇಲ್ಲ ಅಂತ ಮುಜುಗರ ಪಡ್ತೀರಿ, ಉಣ್ಣಕ್ಕೆ ಕೂತು ನಿಮ್ಮನ್ನ ಇಕ್ಕಟ್ಟಿಗೆ ಸಿಗಿಸ್ಬೇಡಿ ಅಂತ ನಂಗೆ ಹೇಳಿದ್ಲು. ಅದಕ್ಕೇ ನಾನು ತೆಪ್ಪಗೆ ಬಾಳೆಹಣ್ಣು ತಿಂದ್ಕಂಡು ಹೋಯ್ತಿದ್ದೆ.”

“ನಾನು ಒಂದು ಒಸಾ ಪಾತ್ರೆ ತಗೊಳಕಾಯ್ತಿರ್ಲಿಲ್ವಾ, ಬೀಗಿತಿ?”

“ಪಾತ್ರೆ ಯಾರು ಕೇಳಿದ್ರು? ಸೊಪ್ಪಿನ ಸಾರು ಮಾಡಿ ಉಣ್ಣಿ ಅಂದಿದ್ರೆ ಉಣ್ತಿದ್ದೆ.”

ಫೋನನ್ನು ಆರಿಸಲು ಯಾರಿಗೂ ನೆನಪಾಗಲಿಲ್ಲ. ಬೀಗಿತಿಯರು ಆಡಿದ ಒಂದೊಂದು ಮಾತನ್ನೂ ಅದು ಏರಿಳಿತವಿಲ್ಲದ ದನಿಯಲ್ಲಿ ಚೀನೀ ಭಾಷೆಗೆ ಒಪ್ಪಿಸುತ್ತಿತ್ತು. ಫಾಂಗ್ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಬಂದು ಕೊನೆಗೆ ನನ್ನಲ್ಲಿ ನಿಂತರು. ಅಕ್ಕಪಕ್ಕದ ತಾಲ್ಲೂಕಿನ, ಒಂದೇ ಕನ್ನಡ ಆಡುವ ಇಬ್ಬರು ಹೆಂಗಸರ ನಡುವೆ ಹದಿನೆಂಟು ವರ್ಷ ದುಭಾಷಿಯಾಗಿದ್ದವಳು ನಾನು. ಆ ಸಣ್ಣ ಯಂತ್ರ ನಾಲ್ಕು ನಿಮಿಷದಲ್ಲಿ ನನ್ನ ಕೆಲಸ ಕಿತ್ತುಕೊಂಡಿತು. ಕುಡಿಯೋಕೆ ನೀರು ತರುತ್ತೇನೆ ಎಂದು ಅಲ್ಲಿಂದ ಹೋದೆ. ನೀರು ಆಗಲೇ ಎಲ್ಲರ ಮುಂದೆ ಇತ್ತು. ಹಿತ್ತಲಲ್ಲಿ ಸ್ವಲ್ಪ ಹೊತ್ತು ನಿಂತು ಕೈಯಲ್ಲಿದ್ದ ಬಾಳೆಹಣ್ಣನ್ನು ನಾನೇ ತಿಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕ ನೆಟ್ಟಗೆ ಕೂತರು. ಮುಂದಿನ ಸೀಟಿನಲ್ಲಿ ಫಾಂಗ್ ಮಗಳಿಗೆ ಕಡುಬಿನ ಚಿತ್ರ ಕಳಿಸುತ್ತಿದ್ದರು. ನಂಜನಗೂಡು ಹತ್ತಿರವಾದಾಗ ಅತ್ತೆ ಹೇಳಿದ್ದು ಇಷ್ಟೇ: “ನಿಮ್ಮವ್ವನ ಚಟ್ನಿ ಚೆನ್ನಾಗಿತ್ತು. ಸಕ್ಕರೆ ಕಾಯಿಲೆ ಇರೋಳಿಗೆ ಇಷ್ಟು ವರ್ಷ ಬಾಳೆಹಣ್ಣು ತಿನ್ಸಿದ್ಯಲ್ಲೇ, ಓದ್ದೋಳು.” ಓದಿದವಳು ಎಂಬ ಮಾತನ್ನು ಅವರು ಬೈಗುಳವಾಗಿ ಬಳಸಿದ್ದು ಅದೇ ಮೊದಲಲ್ಲ, ನನಗೆ ಅರ್ಥವಾದದ್ದು ಅದೇ ಮೊದಲು.

ಆದರೂ ನಾನು ಅಷ್ಟು ಸುಲಭಕ್ಕೆ ಸೋಲುವವಳಲ್ಲ. ಅತ್ತೆಯೂ ಅನುಕೂಲಕ್ಕೆ ತಕ್ಕಂತೆ ನೆನಪು ಮಾಡಿಕೊಳ್ಳುತ್ತಿರಬಹುದಲ್ಲ? ಹದಿನೆಂಟು ವರ್ಷದ ಹಿಂದಿನ ಅತ್ತೆ ಈಗಿನ ಅತ್ತೆಯಲ್ಲ. ಆಗ ಬಡಿಸಿದ್ದರೆ ಉಣ್ಣುತ್ತಿದ್ದರೆಂದು ಏನು ಖಾತ್ರಿ? ಈ ವಾದವನ್ನು ಹಿಡಿದುಕೊಂಡು, ಯಾವತ್ತೂ ಮಾಡದ ಕೆಲಸ ಮಾಡಿದೆ. ಅಟ್ಟದ ಟ್ರಂಕಿನಿಂದ ಮದುವೆಯ ವರ್ಷದ ದಿನಚರಿ ಇಳಿಸಿದೆ. ಅತ್ತೆ ಅವ್ವನ ಮನೆಗೆ ಮೊದಲ ಸಲ ಬಂದ ದಿನದ ಪುಟ ಸಿಕ್ಕಿತು. ಅತ್ತೆಯ ಕಟ್ಟುನಿಟ್ಟು, ಅವ್ವನ ಕಣ್ಣೀರು, ನನ್ನ ಸಂಕಟ ಎಲ್ಲ ಎರಡು ಪುಟ ತುಂಬಾ ಇರುತ್ತದೆಂದು ತೆರೆದರೆ, ಇದ್ದದ್ದು ಒಂದೂವರೆ ಸಾಲು: ಅತ್ತೆ ಬಂದಿದ್ದರು. ಎರಡು ಬಾಳೆಹಣ್ಣು, ಹಾಲು. ನಿರಾಳ.

ನಿರಾಳ! ಅದನ್ನು ಬರೆದವಳು ನಾನೇ, ಅಕ್ಷರ ನನ್ನದೇ. ಅತ್ತೆ ನನ್ನ ತವರಲ್ಲಿ ಉಣ್ಣದೆ ಹೋದರೆ ನನಗೆ ನಿರಾಳವಾಗುವುದೇಕೆ? ಹಿಂದಿನ ದಿನದ ಪುಟ ನೋಡಿದೆ. ಅವ್ವನಿಗೆ ಫೋನ್ ಮಾಡಿ ಹೇಳಿದೆ ಎಂದಿತ್ತು. ಏನು ಹೇಳಿದೆ ಎಂದು ಬರೆದಿರಲಿಲ್ಲ. ಆಗಿನ ಅವ್ವನ ಅಡುಗೆಮನೆ ಮಾತ್ರ ಬೇಡವೆಂದರೂ ಕಣ್ಣಿಗೆ ಕಟ್ಟಿತು. ಹೊಗೆ ಹಿಡಿದ ಗೋಡೆ, ಸೊಟ್ಟ ಪಾತ್ರೆಗಳು, ಜಂತೆಗೆ ನೇತುಹಾಕಿದ ಒಣಮೀನಿನ ಗಂಟು. ನಾನು ಆಗತಾನೇ ಎಂ.ಎ. ಮುಗಿಸಿದ್ದೆ. ಬಿಳಿ ಟೈಲ್ಸ್ ಹಾಕಿದ ಅಡುಗೆಮನೆಗೆ ಸೊಸೆಯಾಗಿ ಹೋಗಿ ಒಂದು ತಿಂಗಳಾಗಿತ್ತು. ಇನ್ನೊಬ್ಬರ ಮುಜುಗರವನ್ನು ತಪ್ಪಿಸಿದೆ ಎಂದುಕೊಂಡಿದ್ದೆ. ಯಾರ ಮುಜುಗರ ಎಂದು ಯಾರೂ ಕೇಳಿರಲಿಲ್ಲ. ಈ ವರ್ಷ ಆ ಪಾಠ ಬಂದಾಗ ವೃದ್ಧೆಯ ಕತೆ ಹೇಳಲಿಲ್ಲ. ಮಕ್ಕಳು ಸೀನಿಯರುಗಳ ನೋಟ್ಸ್ ನೋಡಿಕೊಂಡು, ಬಾಳೆಹಣ್ಣಿನ ಅಜ್ಜಿ ಪರೀಕ್ಷೆಗೆ ಬರಲ್ವಾ ಮೇಡಂ ಎಂದು ಕೇಳಿದರು. ಸಿಲೆಬಸ್ ಬದಲಾಗಿದೆ ಎಂದೆ.

ದಿನಚರಿ ನೋಡಿದ ಮಾರನೆಯ ದಿನ ಅವ್ವನಿಗೆ ಫೋನ್ ಮಾಡಿದೆ. ಅವಳು ಬಹಳ ಗೆಲುವಾಗಿದ್ದಳು. “ನಿಮ್ಮತ್ತೆ ಮುಂದ್ಲ ವಾರ ಊಟಕ್ಕೇ ಬತ್ತೀನಿ ಅಂದವ್ರೆ ಕಣವ್ವ. ಅವರಿಗೆ ಅವರೆಕಾಳು ಒಗ್ತದಾ, ವಸಿ ಕೇಳಿ ಏಳು,” ಎಂದಳು. ನೀನೇ ಅವರಿಗೆ ಫೋನ್ ಮಾಡಿ ಕೇಳು ಎಂದೆ. “ಅದೂ ಸರಿಯೆ,” ಎಂದಳು. ಆಮೇಲೆ ನಾನು ಕೇಳಿದೆ: “ಅವ್ವ, ದಿಟ ಹೇಳು. ಆವತ್ತು ಅಡುಗೆ ಮಾಡಬೇಡ ಅಂತ ನಾನು ಫೋನ್ ಮಾಡಿದಾಗ ನಿನಗೆ ಏನನ್ನಿಸಿತ್ತು? ಅತ್ತೆ ಉಣ್ಣಲ್ಲ ಅಂತ ಹೇಳ್ತಿದ್ದೀನಿ ಅಂತಲೋ, ನಿನ್ನ ಮನೆ ಊಟ ಅವರ ಮುಂದೆ ಇಡೋಕೆ ನನಗೆ ನಾಚಿಕೆ ಅಂತಲೋ?”

ಆ ಕಡೆ ಒಲೆಯ ಮೇಲೆ ಏನೋ ಕುದಿಯುತ್ತಿರುವ ಸದ್ದು ಕೇಳಿಸುತ್ತಿತ್ತು. “ತಡಿಯವ್ವ, ಬಾಗಿಲಲ್ಲಿ ಯಾರೋ ಬಂದ್ರು,” ಎಂದು ಅವ್ವ ಫೋನಿಟ್ಟಳು. ಆಮೇಲೆ ಅತ್ತೆ ಎರಡು ಸಲ ಹೋಗಿ ಅವರೆಕಾಳಿನ ಸಾರು, ಮುದ್ದೆ ಉಂಡು ಬಂದಿದ್ದಾರೆ. ನಾನು ಮೂರು ಸಲ ಫೋನಿನಲ್ಲಿ ಅದೇ ಪ್ರಶ್ನೆ ಕೇಳಿದ್ದೇನೆ. ಆವತ್ತು ಬಾಗಿಲಿಗೆ ಬಂದವರು ಇನ್ನೂ ಹೋದಂತಿಲ್ಲ.